ಚೀಲದ ಮೇಲಿದ್ದ ಊರು

ಪುರಾಣದ ಅಸುರ ಅಂತ ಬರೆದರು ಪತ್ರಿಕೆಯವರು:
ಕಡಲಲ್ಲಿ ಹುಟ್ಟಿದವನು, ಶಿವನಿಗೇ ತೊಡೆ ತಟ್ಟಿದವನು,
ಎಂಥ ಹೆಸರು ಇಟ್ಟುಕೊಂಡಿದ್ದಾರೆ ನೋಡಿ ಹಾಸನದ ಹುಡುಗರು!
ಧರಣೇಂದ್ರ ತಿದ್ದಲಿಲ್ಲ.
ಗಡ್ಡ ಸವರಿಕೊಂಡು ಫೋಟೋಕ್ಕೆ ನಿಂತ,
ಕಡಲಿಂದ ಈಗಷ್ಟೇ ಎದ್ದು ಬಂದವನ ಹಾಗೆ.

ನಾನು ಹೇಳುತ್ತೇನೆ ಕೇಳಿ.
ಸಂತೇಪೇಟೆಯಲ್ಲಿ ರೇಡಿಯೋ ರಿಪೇರಿ ನನ್ನದು.
ಅವರ ಆಂಪ್ಲಿಫೈಯರ್ ಮೂರು ಸಲ ಸುಟ್ಟಿತು,
ಮೂರು ಸಲವೂ ಬೆಸುಗೆ ಹಾಕಿದ ಕೈ ಇದು.
ನಲವತ್ತು ರೂಪಾಯಿ ಬಾಕಿ ಇನ್ನೂ ಬರಬೇಕು.

ಎಂಬತ್ತಾರನೇ ಇಸವಿ.
ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನ ಹಿಂದೆ ಒಂದು ಗೋದಾಮು,
ಚೌರಪ್ಪನ ಅಪ್ಪ ಅಲ್ಲಿ ರಾತ್ರಿ ವಾಚ್‌ಮನ್.
ಡ್ರಮ್ಮಿನ ಸದ್ದಿಗೆ ಅಕ್ಕಪಕ್ಕದವರು ಕಲ್ಲು ಬೀಸಿದ ಮೇಲೆ
ಗೋಡೆ ತುಂಬ ಗೋಣಿಚೀಲ ಬಡಿದರು,
ಬಿತ್ತನೆ ಗೆಡ್ಡೆ ಹೊತ್ತು ಪಂಜಾಬಿನಿಂದ ಲಾರಿಯಲ್ಲಿ ಬಂದ ಚೀಲ.
ಒಂದೊಂದರ ಹೊಟ್ಟೆಯ ಮೇಲೂ ನೀಲಿ ಮಸಿಯ ಠಸ್ಸೆ:
ಜಲಂಧರ್. ಜಲಂಧರ್. ಜಲಂಧರ್.
ಮೂಲೆಯದು ತಲೆಕೆಳಗು.
ಕಾಲೇಜ್ ಡೇಗೆ ತಂಡದ ಹೆಸರು ಬರೆಸಿ ಅಂದಾಗ
ಹೊನ್ನಾಚಾರಿ ಗೋಡೆ ನೋಡಿ ಓದಿದ.
ಅಷ್ಟೇ.
ನಾಲ್ವರಲ್ಲಿ ಒಬ್ಬರೂ ಆ ಊರು ಕಂಡವರಲ್ಲ.

ನಾಲ್ಕನೆಯವಳು ನನ್ನ ತಂಗಿ ತಾಹಿರಾ.
ಮನೆಯಲ್ಲಿ ಹೇಳಿದ್ದು, ಟೈಪಿಂಗ್ ಕ್ಲಾಸು.
ಎಷ್ಟು ಟೈಪು ಮಾಡಿದಳೋ, ಗಂಟಲು ಕಟ್ಟಿ ಬರುತ್ತಿದ್ದಳು.

ಯಾರೂ ಬರೆಯದ ಮಾತು ಒಂದಿದೆ.
ಗೋಡೆಯಾಚೆ ಕಂಪ್ರೆಸರ್, ಹಗಲೂ ಇರುಳೂ ಗುಂಯ್ ಗುಂಯ್.
ಮೂಗಿಗೆ ಅಮೋನಿಯಾದ ಘಾಟು, ಕಿವಿಗೆ ಆ ಒಂದೇ ಸ್ವರ.
ಶ್ರುತಿಪೆಟ್ಟಿಗೆಗೆ ಕಾಸೆಲ್ಲಿ? ಅದಕ್ಕೇ ತಂತಿ ಬಿಗಿದರು.
ನಮ್ಮೂರ ಕರೆಂಟು ಗೊತ್ತಲ್ಲ,
ಸಂಜೆಯಾದರೆ ಸೊರಗುತ್ತಿತ್ತು,
ಮೋಟಾರು ಏದುತ್ತ ಕೂದಲೆಳೆಯಷ್ಟು ಕೆಳಗಿಳಿಯುತ್ತಿತ್ತು.
ಇವರೂ ಇಳಿದರು.

ಮೈಸೂರಿನಲ್ಲಿ ಪಿಯಾನೋ ಮೇಷ್ಟ್ರು ಕಿವಿ ಮುಚ್ಚಿಕೊಂಡರು,
ಹುಡುಗರು ಕುರ್ಚಿ ಮುರಿದರು.
ದಾವಣಗೆರೆ, ಮಂಗಳೂರು, ಆಮೇಲೆ ಬೆಂಗಳೂರು;
ಟಿಕೆಟ್ಟು ಸಿಗದವರು ಮರ ಹತ್ತಿ ಕೇಳಿದ ರಾತ್ರಿ.
ಮುನ್ನೂರು ಕ್ಯಾಸೆಟ್ಟು ನನ್ನ ಅಂಗಡಿಯಲ್ಲೇ ನಕಲಾದವು.
ಆ ನಕಲಿನ ನಕಲು, ಅದರ ನಕಲು,
ಬೀದರಿಗೆ ತಲುಪುವಾಗ ತಾಹಿರಾಳ ದನಿ
ಬಾವಿಯೊಳಗಿಂದ ಕೇಳುತ್ತಿತ್ತಂತೆ.
ಅದನ್ನೇ ಮೆಚ್ಚಿ, ಕೆಲವರು ಹಾಗೇ ಹಾಡಲು ಕಲಿತರು.
ಕ್ಷೌರದಂಗಡಿಗೆ ಜಲಂಧರ್, ಬಸ್ಸಿನ ಹಣೆಗೆ ಜಲಂಧರ್,
ಅರಸೀಕೆರೆಯಲ್ಲಿ ಒಂದು ಕೂಸಿಗೂ ಅದೇ ಹೆಸರು;
ರಾಕ್ಷಸನ ಹೆಸರೇನೋ ಪಾಪಿ, ಅಂತ ಅಜ್ಜಿ ಅತ್ತಳು.
ಆಲೂಗಡ್ಡೆ ಕಣಜ್ಜಿ, ಅನ್ನುವವರು ಯಾರೂ ಅಲ್ಲಿರಲಿಲ್ಲ.

ಒಡೆದದ್ದೇಕೆ?
ಒಬ್ಬ ದುಡ್ಡು ಅಂದ, ಒಬ್ಬ ಹೆಣ್ಣು ಅಂದ.
ನನ್ನ ಲೆಕ್ಕ ಬೇರೆ.
ಬೊಂಬಾಯಿಯ ಸ್ಟುಡಿಯೋ,
ಸೂಜಿ ಬಿದ್ದರೆ ಕೇಳುವಂಥ ಕೋಣೆ.
ಗೋಡೆಯಾಚೆ ಏನೂ ಇಲ್ಲ.
ತಾಹಿರಾ ಬಾಯಿ ತೆರೆದಳು,
ಕಾಲೂರಲು ನೆಲ ಸಿಗಲಿಲ್ಲ.
ಮೂರು ದಿನ ಹೀಗೇ. ನಾಲ್ಕನೇ ದಿನ ರೈಲು.

ಧರಣೇಂದ್ರನಿಗೆ ಈಗ ಪಾತ್ರೆ ಅಂಗಡಿ.
ತಪ್ಪಲೆ ತಟ್ಟಿ ತೋರಿಸುವಾಗ ಮಾತ್ರ ತಲೆ ಓರೆ ಮಾಡುತ್ತಾನೆ.
ಕೋಲ್ಡ್ ಸ್ಟೋರೇಜು ಹೋಗಿ ಟೈಲ್ಸ್ ಮಳಿಗೆ ಬಂತು.
ಕಂಪ್ರೆಸರ್ ಗುಜರಿಗೆ ಹೋದ ದಿನ
ನಾನು ಹೋಗಿ ನಿಂತು ಬಂದೆ, ಯಾರಿಗೂ ಹೇಳಲಿಲ್ಲ.

ಮೊನ್ನೆ ಸಾಲಗಾಮೆ ರಸ್ತೆಯ ಕಡೆಯಿಂದ ಒಬ್ಬಳು ಹುಡುಗಿ,
ಗಿಟಾರಿನ ವೈರು ಕಿತ್ತಿದೆ ಅಂತ ಬಂದಳು.
ತಂತಿ ಮೀಟಿದಳು. ನನ್ನ ಮೈ ಝುಂ ಅಂತು.
ಅವಳ ಫೋನಿನ ಆ್ಯಪು ಕೆಂಪು ತೋರಿಸಿತು: ಕಮ್ಮಿ.
ಬಿಗಿ ಮಾಡಲೇನಮ್ಮ, ಅಂದೆ.
'ಬೇಡ ಅಂಕಲ್, ಇಲ್ಲಿ ಎಲ್ಲರೂ ಹೀಗೇ ಇಡೋದು.'
ಯಾಕೆ?
'ಗೊತ್ತಿಲ್ಲ. ಸರಿಯಾಗಿಟ್ಟರೆ ಸರಿ ಕೇಳಲ್ಲ.'
ಜಲಂಧರ್ ಗೊತ್ತಾ?
'ಪಂಜಾಬಲ್ಲಿದೆ ಅಲ್ವಾ?'

ಹೌದಮ್ಮ, ಅಲ್ಲೇ ಇದೆ, ಅಂದೆ.
ಬೆಸುಗೆ ಕಡ್ಡಿ ಕಾಯಲಿಕ್ಕಿಟ್ಟೆ.